ಗಾಜು ಎತ್ತುವ ಮೊದಲಿನ ಮಾತು

ನಮ್ಮ ಮಾವನವರ ಬಾಯಿಗೆ ಬೀಗ ಹಾಕುವವನು ಇನ್ನೂ ಹುಟ್ಟಿಲ್ಲ. ಇದು ನನ್ನ ದೂರಲ್ಲ, ಅವರೇ ಎದೆ ತಟ್ಟಿಕೊಂಡು ಹೇಳುವ ಮಾತು. ಗಾಜು ಕೂರಿಸುವ ಕೆಲಸದಲ್ಲಿ ತಲೆ ಹಣ್ಣಾದ ಮೇಸ್ತ್ರಿ ಅವರು. ಅಂಗಡಿ ಮುಂದಿನ ಆಳೆತ್ತರದ ಗಾಜು, ಶಾಲೆಯ ಕಿಟಕಿ, ಕಚೇರಿಯ ಬಾಗಿಲು, ಕ್ಷೌರದಂಗಡಿಯ ಗೋಡೆಯುದ್ದದ ಕನ್ನಡಿ, ಯಾವುದಾದರೂ ಸರಿ, ಕೂರಿಸುತ್ತಾರೆ. ಕೂರಿಸುವ ಮೊದಲು ಕೊಚ್ಚಿಕೊಳ್ಳುತ್ತಾರೆ. ಕೆಲಸದವರು ಬೆನ್ನ ಹಿಂದೆ ಅವರನ್ನು ತುತ್ತೂರಿ ಮೇಸ್ತ್ರಿ ಎನ್ನುತ್ತಾರೆ. ಎದುರಿಗೂ ಅನ್ನುತ್ತಾರೆ. "ತುತ್ತೂರಿ ಅಂದ್ರೆ ಸುಮ್ನೇನಾ? ಊದೋಕೆ ಎದೆಯಲ್ಲಿ ಉಸಿರಿರಬೇಕು ಕಣ್ರೋ!" ಎಂದು ಮಾವ ಅದಕ್ಕೂ ಒಂದು ಊದುತ್ತಾರೆ.

ಮನೆಯಲ್ಲಿ ಡಬ್ಬಿಯ ಮುಚ್ಚಳ ಬಿಗಿಯಾಗಿ ಕೂತಿದ್ದರೆ ಅತ್ತೆ ಅದನ್ನು ಅವರ ಕೈಗೆ ಕೊಡುವುದಿಲ್ಲ, ಮೆಲ್ಲಗೆ ನನ್ನ ಕಡೆ ತಳ್ಳುತ್ತಾರೆ. ಮಾವನಿಗೆ ಕೊಟ್ಟರೆ ಮುಚ್ಚಳಕ್ಕಿಂತ ಮೊದಲು ಭಾಷಣ ಬರುತ್ತದಲ್ಲ.

"ಈ ಮುಚ್ಚಳಾನಾ? ಇಂಥ ಮುಚ್ಚಳಗಳು ನನ್ನ ಹೆಜ್ಜೆ ಸದ್ದು ಕೇಳಿದ್ರೇನೇ ಸಡಿಲ ಆಗ್ತವೆ!"

"ಸದ್ದು ಕೇಳಿಸ್ತು ಮಹಾರಾಯ್ರೇ. ಈಗ ತೆಗೀರಿ" ಎನ್ನುತ್ತಾರೆ ಅತ್ತೆ.

ತೆಗೆಯುತ್ತಾರೆ ಅನ್ನಿ. ನನಗೆ ಮೈಯೆಲ್ಲ ಉರಿಯುವುದು ಅದಕ್ಕೇ. ಒಂದು ಸಲವಾದರೂ ಆ ಮುಚ್ಚಳ ಅವರಿಗೆ ಕೈಕೊಟ್ಟಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಸೂಜಿಗೆ ದಾರ ಪೋಣಿಸಲಿ, ಕಳೆದುಹೋದ ಚಪ್ಪಲಿ ಹುಡುಕಲಿ, ಮೊದಲು ಮಾತು, ಆಮೇಲೆ ಕೆಲಸ. ನಾನೋ, ಮಾಡಿದ ಕೆಲಸವನ್ನೂ ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನಾಚುವ ಪೈಕಿ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಮೇಷ್ಟ್ರು, ಸ್ವಲ್ಪ ಸಿಡುಕ. ಸ್ವಲ್ಪವಲ್ಲ, ಸಾಕಷ್ಟು ಸಿಡುಕ ಎಂದು ನನ್ನ ಹೆಂಡತಿ ತಿದ್ದುತ್ತಾಳೆ.

ಹೆಂಡತಿಯ ವಿಷಯ ಬಂತು, ಹೇಳಿಬಿಡುತ್ತೇನೆ. ನನ್ನ ತರಗತಿಯ ಕಿಟಕಿ ಗಾಜು ಒಡೆದಿತ್ತು. ಅದನ್ನು ಬದಲಿಸಲು ಬಂದ ಹುಡುಗಿ ಪಾಠ ನಡೆಯುತ್ತಿರುವಾಗಲೇ ಏಣಿ ಏರಿದಳು. ಹಳೆಯ ಚೂರುಗಳನ್ನು ಒಂದೊಂದಾಗಿ ಬಿಡಿಸಿ, ಅಂಚಿನ ಒಣಗಿದ ಪುಟ್ಟಿ ಕೆರೆದು, ಹೊಸ ಗಾಜು ಕೂರಿಸಿ ಇಳಿದಳು. ಅಷ್ಟು ಹೊತ್ತೂ ತುಟಿ ಪಿಟಕ್ಕೆನ್ನಲಿಲ್ಲ. ಇಡೀ ತರಗತಿ ನನ್ನನ್ನು ಬಿಟ್ಟು ಅವಳನ್ನೇ ನೋಡುತ್ತಿತ್ತು. ಪಿತ್ತ ನೆತ್ತಿಗೇರಿ ಅವಳಿಗೆ ಏನೋ ಅನ್ನಬೇಕೆಂದು ಹೊರಗೆ ಹೋದವನು ಏನೂ ಅನ್ನದೆ ಒಳಗೆ ಬಂದೆ. ಆಮೇಲೆ ನನ್ನ ಸ್ವಂತ ಕೋಣೆಯ ಕಿಟಕಿಯೂ ಯಾಕೋ ಪದೇ ಪದೇ ಕೆಡತೊಡಗಿತು. ಮದುವೆಯಾದ ಮೇಲೆ ಸರಿಹೋಯಿತು.

ಅಂಥ ಮಗಳಿಗೆ ಇಂಥ ಅಪ್ಪ. ಕೆಲಸದ ಜಾಗದಲ್ಲಿ ಮಾವನ ಬಡಾಯಿ ಮನೆಯದಕ್ಕಿಂತ ಒಂದು ತೂಕ ಹೆಚ್ಚು. ದೊಡ್ಡ ಗಾಜು ಲಾರಿಯ ಮೇಲೆ ಮರದ ಓರೆ ಆಸರೆಗೆ ಒರಗಿ ಬಂದು ನಿಲ್ಲುತ್ತದೆ. ಕೆಲಸದವರು ಇಳಿದು ಸಾಲಾಗಿ ನಿಲ್ಲುತ್ತಾರೆ, ಎಲ್ಲರ ಕೈಯೂ ಜೇಬಿನಲ್ಲಿ. ಯಾರೂ ಗಾಜು ಮುಟ್ಟುವುದಿಲ್ಲ. ಮಾವ ಖಾಲಿ ಚೌಕಟ್ಟನ್ನು ಒಮ್ಮೆ ಸುತ್ತಿ, ಅಳೆದು, ಓರೆಕೋರೆ ತೋರಿಸುವ ರಸಮಟ್ಟ ಇಟ್ಟು ನೋಡಿ, ಅದಕ್ಕೆ ಬೆನ್ನು ಹಾಕಿ ನಿಂತು, ರಸ್ತೆಗೆಲ್ಲ ಕೇಳುವಂತೆ ಶುರು ಮಾಡುತ್ತಾರೆ.

"ಕೇಳ್ರಪ್ಪಾ! ಈ ಗಾಜು ಆ ಚೌಕಟ್ಟಿಗೆ ಮಗು ತೊಟ್ಟಿಲಿಗೆ ಹೋದ ಹಾಗೆ ಹೋಗುತ್ತೆ. ಒಂದು ಗೀರು ಬೀಳಲ್ಲ, ಒಂದು ಮೂಲೆ ಮುಕ್ಕಾಗಲ್ಲ, ಯಾರ ಬೆರಳಲ್ಲೂ ಒಂದು ತೊಟ್ಟು ರಕ್ತ ಬರಲ್ಲ. ಹಾಗೇನಾದ್ರೂ ಆದ್ರೆ ನಾನು ಮೇಸ್ತ್ರೀನೇ ಅಲ್ಲ, ಇದು ಮೀಸೇನೇ ಅಲ್ಲ!"

ಆಗ ಕೈಗಳು ಜೇಬಿನಿಂದ ಹೊರಗೆ ಬರುತ್ತವೆ. ಕೈಗವಸು ತೊಡುತ್ತಾರೆ, ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಹಿಡಿಗಳನ್ನು ಒತ್ತುತ್ತಾರೆ, ಎತ್ತುತ್ತಾರೆ. ಮಾವ ಮುಂದೆ ನಿಂತು ಎಡ, ಬಲ, ಮೆಲ್ಲಗೆ, ನಿಲ್ಲಿ ಎನ್ನುತ್ತಾರೆ. ಮೊದಲ ಸಲ ಇದನ್ನು ನೋಡಿದಾಗ ಎದುರಿನ ಬಸ್ ನಿಲ್ದಾಣದಲ್ಲಿ ನನ್ನ ವಿದ್ಯಾರ್ಥಿಗಳ ಹಿಂಡೇ ನಿಂತಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಹೀಗಿರುವಾಗ ಒಂದು ಬೆಳಿಗ್ಗೆ ಮಾವ ಬ್ಯಾಂಕಿನ ಗಾಜಿನ ಬಾಗಿಲಿಗೆ ನೇರ ನಡೆದು ಹೋಗಿ ಹಣೆ ಢೀ ಕೊಟ್ಟರು. ಆ ಬಾಗಿಲು ಅವರೇ ಕೂರಿಸಿದ್ದು. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು ಎದ್ದಿತ್ತು. ಜನ ಓಡಿ ಬಂದು ಎಬ್ಬಿಸಿದರೆ ಇವರು ನೆಲದ ಮೇಲೆ ಕೂತುಕೊಂಡೇ, "ನೋಡಿದ್ರಾ? ನನ್ನ ಗಾಜು ಎಷ್ಟು ಶುಭ್ರ ಅಂದ್ರೆ ನನಗೇ ಕಾಣಿಸ್ಲಿಲ್ಲ!" ಎಂದರಂತೆ. ಬ್ಯಾಂಕಿನವರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರಂತೆ. ಮನೆಯಲ್ಲಿ ಹೇಳುವಾಗ ಮಾವನೂ ನಕ್ಕರು. ನನ್ನ ಹೆಂಡತಿ ಮಾತ್ರ ನಗಲಿಲ್ಲ. ಅವಳು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, "ಅಪ್ಪಾ, ರಸಮಟ್ಟದೊಳಗಿನ ಗಾಳಿಗುಳ್ಳೆ ಕಾಣಿಸುತ್ತಾ ನಿನಗೆ?" ಎಂದು ಕೇಳಿದಳು.

ಮಾವ ಹಣೆ ಸವರಿಕೊಂಡು ನೀರಿನ ಲೋಟಕ್ಕೆ ಕೈ ಚಾಚಿದರು.

ಕಣ್ಣಿನ ಡಾಕ್ಟರು ನರ ಒಣಗುತ್ತಿದೆ ಎಂದರು. ಇದ್ದ ದೃಷ್ಟಿ ಔಷಧಿಯಿಂದ ಉಳಿಯಬಹುದು, ಹೋದದ್ದು ಬರುವುದಿಲ್ಲ. ಓಡಾಡಬಹುದು, ಭಾರ ಎತ್ತಬಹುದು, ಮನುಷ್ಯರ ಗುರುತು ಸಿಗುತ್ತದೆ. ಕೂದಲೆಳೆಯಷ್ಟು ಓರೆಯಾದದ್ದು ಇನ್ನು ಆ ಕಣ್ಣಿಗೆ ಸಿಗುವುದಿಲ್ಲ. ಮಾವ ಡಾಕ್ಟರಿಗೂ, "ನನ್ನ ಒಂದು ಕಣ್ಣು ಬೇರೆಯವರ ನಾಲ್ಕು ಕಣ್ಣಿಗೆ ಸಮ" ಎಂದರು. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಮಗಳ ತೋಳು ಹಿಡಿದುಕೊಂಡರು. ಹಾಗೆ ಹಿಡಿದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮುಂದೆ ಯಾರು ಎಂಬ ಪ್ರಶ್ನೆ ಬಂತು. ನನ್ನ ಹೆಂಡತಿ ಶಾಲೆ ಬಿಟ್ಟ ಲಾಗಾಯ್ತು ಅಪ್ಪನ ಗಾಜಿನ ಕಾರ್ಖಾನೆಯಲ್ಲೇ ಇದ್ದಾಳೆ. ಗಾಜು ಕೊಯ್ಯುವುದು ಅವಳೇ, ಚೌಕಟ್ಟು ಅಳೆಯುವುದು ಅವಳೇ, ಕೆಲವು ಕಾಲದಿಂದ ಅಪ್ಪ "ಎಡಕ್ಕೆ" ಎನ್ನುವ ಮೊದಲೇ ಗಾಜಿನ ಕೆಳಗೆ ಎಡಕ್ಕೆ ರಬ್ಬರ್ ತುಂಡು ತೂರಿಸುತ್ತಿದ್ದದ್ದೂ ಅವಳೇ. ಅವಳು ಮೇಸ್ತ್ರಿಯಾಗಬೇಕು. ಆಗದಿದ್ದರೆ ಕಾರ್ಖಾನೆ ಮುಚ್ಚುತ್ತದೆ. ಕೆಲಸದವರನ್ನು ಸೇತುವೆ ಪಕ್ಕದ ದೊಡ್ಡ ಗಾಜಿನ ಕಂಪನಿ ಎರಡು ಕೈ ಚಾಚಿ ಕರೆದುಕೊಳ್ಳುತ್ತದೆ, ಇವಳೂ ಅಲ್ಲಿ ಹಿಂಬದಿಯ ಮೇಜಿನಲ್ಲಿ ದಿನವಿಡೀ ಗಾಜು ಕೊಯ್ಯುತ್ತ ಕೂರಬೇಕು. ನನ್ನ ಹೆಂಡತಿ ಏನನ್ನೂ ಬೇಕು ಎಂದು ಬಾಯಿಬಿಟ್ಟು ಕೇಳುವವಳಲ್ಲ. ಆ ದಿನ ಕೇಳಿದಳು. "ನನಗೆ ಇದು ಬೇಕು ರೀ. ಇದೊಂದು ಬೇಕು."

ಮೊದಲ ಪರೀಕ್ಷೆ ಒಂದು ಶಾಲೆಯ ದೊಡ್ಡ ಕಿಟಕಿ. ಗಾಜು ಬಂತು. ಕೆಲಸದವರು ಇಳಿದು ನಿಂತರು. ಇವಳು ಚೌಕಟ್ಟು ಸುತ್ತಿದಳು, ಅಳೆದಳು, ರಸಮಟ್ಟ ಇಟ್ಟು ನೋಡಿದಳು. ಎದುರು ಬಂದು ನಿಂತು ಮೆಲ್ಲಗೆ, "ಎತ್ತೋಣ್ವಾ?" ಎಂದಳು.

ಒಂದು ಕೈಯೂ ಜೇಬಿನಿಂದ ಹೊರಗೆ ಬರಲಿಲ್ಲ.

"ಹೇಳು ತಾಯಿ" ಎಂದ ಕೆಲಸದವರಲ್ಲಿ ಹಿರಿಯ. ಅವನನ್ನು ಎಲ್ಲರೂ ಗೊಣಗಪ್ಪ ಎನ್ನುವುದು. ಮಳೆ ಬಂದರೂ ಗೊಣಗುತ್ತಾನೆ, ಬಿಸಿಲು ಬಂದರೂ ಗೊಣಗುತ್ತಾನೆ. ಇವಳು ಬಾಯಿ ತೆರೆದಳು. ಗಂಟಲು ಕಟ್ಟಿತು. ಮುಖ ಕೆಂಪಾಯಿತು. ಕೊನೆಗೆ ಮಾವನೇ ಬಂದು ಕಣ್ಣು ಕಿರಿದು ಮಾಡಿಕೊಂಡು ತಮ್ಮ ತುತ್ತೂರಿ ಊದಿದರು, ಕೈಗಳು ಹೊರಬಂದವು, ಗಾಜು ಮೇಲೆ ಹೋಯಿತು. ಕೂರಿಸಿದ್ದೆಲ್ಲ ಇವಳೇ.

ಅವತ್ತಿನ ಊಟದ ಹೊತ್ತಿಗೆ ನನ್ನ ಸಿಟ್ಟು ಸೀದಾ ಮಾವನ ಮೇಲೆ ಹರಿಯಿತು. ಎಲ್ಲದಕ್ಕೂ ಮೂಲ ಇವರ ಈ ಹುಚ್ಚು ಪದ್ಧತಿಯೇ ತಾನೇ?

"ಮಾವ, ಹಳೇ ಕಾಲದ ಇಂಗ್ಲಿಷಿನಲ್ಲಿ ಬಡಾಯಿಗೆ ಒಂದು ಪದ ಇತ್ತು, ‘ಗಿಯೆಲ್ಪ್’ ಅಂತ. ದೊಡ್ಡ ದೊಡ್ಡ ವೀರರು ಕೊಚ್ಚಿಕೊಳ್ಳೋದಕ್ಕೆ ಆ ಪದ. ಈಗ ಅದು ಏನಾಗಿದೆ ಗೊತ್ತಾ? ‘ಯೆಲ್ಪ್’ ಆಗಿದೆ. ನಾಯಿಮರಿ ಬಾಲ ತುಳಿದ್ರೆ ಕುಂಯ್ ಅನ್ನುತ್ತಲ್ಲ, ಅದಕ್ಕೆ ಹೇಳೋ ಪದ."

ಅತ್ತೆ ಬಾಯಲ್ಲಿದ್ದ ನೀರನ್ನು ಉಗುಳುವಷ್ಟು ನಕ್ಕರು. ಮಾವ ಒಂದು ಕ್ಷಣ ಯೋಚಿಸಿ, "ಪಾಪ, ಮರೀಗೂ ಏನಾದ್ರೂ ಹೇಳ್ಕೊಳ್ಳೋದಿರುತ್ತೆ ಅಳಿಯಂದ್ರೇ" ಎಂದು ಊಟ ಮುಂದುವರಿಸಿದರು. ಇಂಥವರ ಜೊತೆ ಜಗಳ ಆಡುವುದು ಹೇಗೆ ಹೇಳಿ.

ಜಗಳಕ್ಕೆ ಬೇರೆಯವರನ್ನು ಹುಡುಕಿಕೊಂಡು ಮರುದಿನ ಕಾರ್ಖಾನೆಗೆ ಹೋದೆ. ಗೊಣಗಪ್ಪ ಮೂಲೆಯಲ್ಲಿ ಕೂತು ರಬ್ಬರ್ ಹಿಡಿಗಳನ್ನು ಒರೆಸುತ್ತಿದ್ದ.

"ಏನಯ್ಯಾ, ಅವಳ ಕೆಲಸ ನಿಮಗೆ ಗೊತ್ತಿಲ್ವಾ? ಒಂದು ಬಡಾಯಿ ಕೊಚ್ಚಲಿಲ್ಲ ಅಂತ ಕೈ ಜೇಬಲ್ಲಿ ಇಟ್ಕೊಂಡು ನಿಂತ್ಕೋತೀರಲ್ಲ, ನಾಚಿಕೆ ಆಗಲ್ವಾ?"

"ಕೂಗಬೇಡಿ ಮೇಷ್ಟ್ರೇ, ಗಾಜಿದೆ" ಎಂದ. ಆಮೇಲೆ ಎಂದಿನಂತೆ ಗೊಣಗತೊಡಗಿದ. ಆ ಗೊಣಗಿನಲ್ಲಿ ನನಗೆ ಸಿಕ್ಕಿದ್ದು ಇದು. ಮಾವ ಮತ್ತು ಅವನು ಇಬ್ಬರೂ ಹೊಸದಾಗಿ ಕೆಲಸಕ್ಕೆ ಸೇರಿದ್ದ ದಿನಗಳು. ಆಗಿನ ಮೇಸ್ತ್ರಿ ಬಹಳ ಗಂಭೀರ, ಮಾತೇ ಆಡುತ್ತಿರಲಿಲ್ಲ. ಒಂದು ಚೌಕಟ್ಟಿನ ಮೇಲೆ ಅವನಿಗೆ ಒಳಗೊಳಗೇ ಅನುಮಾನವಿತ್ತಂತೆ, ಸುಮ್ಮನೆ ಕೈ ಸನ್ನೆ ಮಾಡಿ ಎತ್ತಿಸಿದ. ಚೌಕಟ್ಟು ಓರೆಯಿತ್ತು. ಗಾಜು ಅರ್ಧಕ್ಕೆ ಕಚ್ಚಿಕೊಂಡು ಸೀಳಿತು, ಕೆಳಗೆ ನಿಂತವರ ಮೇಲೆ ಬಿತ್ತು. ಮಾವನ ಎಡ ಮುಂಗೈಯಿಂದ ಮೊಣಕೈವರೆಗೆ ಇರುವ ಗಾಯದ ಗೆರೆ ಅಂದಿನದು. ಅದರ ಬಗ್ಗೆ ಮಾತ್ರ ಅವರು ಎಂದೂ ಕೊಚ್ಚಿಕೊಂಡದ್ದಿಲ್ಲ, ನಾನು ಹುಟ್ಟುಮಚ್ಚೆ ಇರಬೇಕು ಎಂದುಕೊಂಡಿದ್ದೆ.

"ತಾನು ಮೇಸ್ತ್ರಿ ಆದ ದಿನಾನೇ ನಿಮ್ಮ ಮಾವ ಹೇಳ್ಬಿಟ್ಟ. ಮುಂದೆ ನಿಂತೋನು ಎಲ್ಲರ ಎದುರಿಗೆ ಗಂಟಲು ಬಿಟ್ಟು ಹೇಳ್ಬೇಕು, ಹೇಳಿದ ಮೇಲೇನೇ ನೀವು ಕೈ ಹಾಕ್ಬೇಕು ಅಂತ. ಒಳಗೆ ಅನುಮಾನ ಇಟ್ಕೊಂಡು ಅಷ್ಟು ದೊಡ್ಡ ಮಾತು ಆಡೋಕಾಗಲ್ಲ ಮೇಷ್ಟ್ರೇ. ಗಂಟಲು ಹೇಳ್ಬಿಡುತ್ತೆ. ಒಂದ್ಸಲ ಇವನೇ ‘ಕೇಳ್ರಪ್ಪಾ’ ಅಂದೋನು ಅಲ್ಲಿಗೇ ನಿಲ್ಲಿಸ್ಬಿಟ್ಟ. ನಾವು ಗಾಡಿ ತಿರುಗಿಸ್ಕೊಂಡು ವಾಪಸ್ ಬಂದ್ವಿ. ಗಾಜಿನ ಕೆಳಗೆ ನಿಲ್ಲೋರು ನಾವು. ನಿಮ್ಮ ಹೆಂಡ್ತಿ ಅಂದ್ರೆ ನಮಗೂ ಮಗಳೇ. ಆದ್ರೆ ಅವಳು ಹೇಳ್ದೆ ಇದ್ರೆ, ಅವಳಿಗೇ ಏನೋ ಕಾಣಿಸಿದೆ ಅಂತಲೇ ನಮಗೆ ಅನ್ಸೋದು."

ಜಗಳಕ್ಕೆ ಹೋದವನು ಅವನ ಜೊತೆ ಚಹಾ ಕುಡಿದು ಬಂದೆ.

ಮನೆಯಲ್ಲಿ ಹೆಂಡತಿ ಕಾದಿದ್ದಳು. "ರೀ, ಇಂಗ್ಲಿಷಿನಲ್ಲಿ ಆ ನಾಯಿಮರಿ ಪದ ಒಂದೇನಾ ಇದ್ದಿದ್ದು? ಬೇರೆ ಇರ್ಲಿಲ್ವಾ?"

ಮೇಷ್ಟ್ರಿಗೆ ಇಂಥ ಪ್ರಶ್ನೆ ಕೇಳಬಾರದು. ಕಾಲೇಜಿನ ಗ್ರಂಥಾಲಯದಲ್ಲಿ ಯಾರೂ ಮುಟ್ಟದ ಒಂದು ದಪ್ಪ ನಿಘಂಟಿದೆ, ಅದನ್ನು ಇಳಿಸಿ ಧೂಳು ಕೊಡವಿ ಕೂತೆ. ಇತ್ತು. ‘ಬೇಓಟ್’ ಎಂಬ ಪದ. ಈಗ ಸತ್ತುಹೋಗಿದೆ, ಯಾರೂ ಬಳಸುವುದಿಲ್ಲ. ಅದರ ಅರ್ಥ ನೋಡಿ ನಾನು ಕುರ್ಚಿಯಲ್ಲೇ ನೆಟ್ಟಗಾದೆ. ಬಡಾಯಿ ಎಂದೂ ಇತ್ತು, ಬೆದರಿಕೆ ಎಂದೂ ಇತ್ತು, ಪ್ರತಿಜ್ಞೆ ಎಂದೂ ಇತ್ತು. ಮೂರಕ್ಕೂ ಒಂದೇ ಪದ! ಅದರ ಹುಟ್ಟು ಹುಡುಕಿದರೆ, ‘ಬಿ’ ಮತ್ತು ‘ಹಾಟ್’ ಎಂಬ ಎರಡು ತುಂಡು ಕೂಡಿ ಆದದ್ದು. ಬಿಹಾಟ್ ಅಂದರೆ ಕೊಟ್ಟ ಮಾತು. ಬಾಯಿಂದ ಬಾಯಿಗೆ ಉರುಳಿ ನಡುವಿನ ಹಕಾರ ಸವೆದು ಬೇಓಟ್ ಆಯಿತಂತೆ.

ಅವತ್ತು ಎಲ್ಲರೂ ಕೂತಿದ್ದಾಗ ಇದನ್ನು ಹೇಳಿದೆ. ಆ ಕಾಲದ ಯೋಧರು ಒಡೆಯನ ಹಜಾರದಲ್ಲಿ ಒಟ್ಟಿಗೆ ಕೂತು ಕುಡಿಯುವಾಗ ಒಬ್ಬೊಬ್ಬನಾಗಿ ಎದ್ದು ನಿಂತು, ನಾಳೆ ನಾನು ಇಂಥದ್ದು ಮಾಡುತ್ತೇನೆ ಎಂದು ಜೊತೆಯವರ ಎದುರಿಗೆ ಹೇಳಬೇಕಿತ್ತು. ಹೇಳಿದ ಮೇಲೆ ಮುಗಿಯಿತು. ಮಾಡಬೇಕು, ಇಲ್ಲವೇ ಅಲ್ಲೇ ಸಾಯಬೇಕು. ಹೇಳಿ ಹಿಂದೆ ಸರಿದವನಿಗೆ ಆ ಹಜಾರದಲ್ಲಿ ಮತ್ತೆ ಮುಖವಿಲ್ಲ.

"ನೋಡಿದ್ಯೇನೇ!" ಎಂದು ಮಾವ ಅತ್ತೆಯ ಕಡೆ ತಿರುಗಿ ತೊಡೆ ತಟ್ಟಿದರು. "ಅವರೂ ಗಾಜಿನ ಕೆಲಸದವರೇ ಇರ್ಬೇಕು!"

"ಇರ್ಬೇಕು. ಅವರ ಹೆಂಡತಿಯರೂ ಕಿವಿಗೆ ಹತ್ತಿ ಇಟ್ಕೋತಿದ್ರೇನೋ ಕೇಳಿ ಅಳಿಯಂದ್ರನ್ನ" ಎಂದರು ಅತ್ತೆ.

ನನ್ನ ಹೆಂಡತಿ ಕೇಳಿದ್ದು ಬೇರೆ. "ಹೇಳುವಾಗ ಅವರು ಸುಳ್ಳು ಹೇಳ್ತಿದ್ರಾ?"

"ಹೇಳುವಾಗ ಸುಳ್ಳೂ ಅಲ್ಲ, ನಿಜವೂ ಅಲ್ಲ. ಮಾಡಿದ ಮೇಲೆ ತಾನೇ ಗೊತ್ತಾಗೋದು?"

ನಾನು ಅವಳಿಗೆ ಒಳ್ಳೆಯ ನಾಲ್ಕು ಸಾಲು ಬರೆದುಕೊಟ್ಟೆ, ಬಾಯಿಪಾಠ ಮಾಡಿಕೋ ಎಂದೆ. ಅಡುಗೆಮನೆಯಲ್ಲಿ ಅವಳು ಅದನ್ನು ಜೋರಾಗಿ ಓದಿದಾಗ ಅತ್ತೆ, "ಯಾರದೋ ನಿವೃತ್ತಿ ಸಮಾರಂಭದ ಭಾಷಣದ ಹಾಗಿದೆಯಲ್ಲ" ಎಂದರು. ನನ್ನ ಮುಖ ಇಂಗು ತಿಂದ ಮಂಗನಂತಾಯಿತು. ಹೆಂಡತಿ ಚೀಟಿ ಮಡಿಸಿ ನನ್ನ ಕೈಗಿಟ್ಟಳು. "ಅಪ್ಪನ ಹಾಗೆ ಮೀಸೆ ಗೀಸೆ ಅಂತ ನನಗೆ ಹೇಳೋಕಾಗಲ್ಲ ರೀ. ನೀವು ಬರ್ದಿದ್ದೂ ಬರಲ್ಲ. ನನ್ನ ಗಂಟಲಲ್ಲಿ ಇರೋ ಮಾತೇ ಬೇರೆ. ಅದನ್ನ ಹೇಳ್ಬಾರ್ದು."

"ಏನದು?"

"ಹೇಳ್ಬಾರ್ದು ಅಂದೆನಲ್ಲ." ನಾನು ಎಷ್ಟು ಗೋಗರೆದರೂ ಬಾಯಿಬಿಡಲಿಲ್ಲ. ಅಪ್ಪನ ಬಾಯಿಯನ್ನೂ ಮಗಳ ಮೌನವನ್ನೂ ಸೇರಿಸಿ ಅರೆದು ಎರಡು ಪಾಲು ಮಾಡಿದ್ದರೆ ಇಬ್ಬರು ನೆಮ್ಮದಿಯ ಮನುಷ್ಯರಾಗುತ್ತಿದ್ದರು.

ಅಷ್ಟರಲ್ಲಿ ನಾಲ್ಕು ರಸ್ತೆ ಕೂಡುವಲ್ಲಿನ ಬಟ್ಟೆ ಅಂಗಡಿಯ ಕೆಲಸ ಬಂತು. ಅಷ್ಟು ದೊಡ್ಡ ಗಾಜನ್ನು ನಮ್ಮ ಕಾರ್ಖಾನೆ ಎಂದೂ ಎತ್ತಿರಲಿಲ್ಲ. ಮಾವ ಎಲ್ಲರನ್ನೂ ಕರೆದು, "ಇದನ್ನ ನನ್ನ ಮಗಳು ಮುಂದೆ ನಿಂತು ಕೂರಿಸ್ತಾಳೆ. ಕೂರಿಸಿದ್ರೆ ಕಾರ್ಖಾನೆ ಅವಳದು. ಇಲ್ಲ ಅಂದ್ರೆ ನೀವು ಸೇತುವೆ ಕಡೆ ಹೋಗಿ, ನಾನು ತಡೆಯಲ್ಲ" ಎಂದುಬಿಟ್ಟರು.

ಮಾವ ಒಬ್ಬರೇ ಸಿಕ್ಕಾಗ ಹಿಡಿದುಕೊಂಡೆ. "ಮಾವ, ಎಲ್ಲದರ ಬಗ್ಗೆ ಕೊಚ್ಚಿಕೊಳ್ತೀರಿ, ಡಬ್ಬಿ ಮುಚ್ಚಳದ ಬಗ್ಗೆ ಕೂಡ. ಅವಳ ಬಗ್ಗೆ ಒಂದು ದಿನ ಒಂದು ಒಳ್ಳೆ ಮಾತು ಆಡಿದ್ದು ನಾನು ಕೇಳಿಲ್ಲ. ಅವಳ ಪರವಾಗಿ ಅವತ್ತು ನೀವೇ ಒಂದು ಮಾತು ಹೇಳಿಬಿಡಿ. ನಿಮಗೇನು ಕಷ್ಟ?"

ಮಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಒರೆಸಿದರೆ ಏನೂ ಉಪಯೋಗವಿಲ್ಲ ಎಂದು ಅವರಿಗೂ ಗೊತ್ತು.

"ಹೇಳೋಕೆ ಎಷ್ಟಿದೆ ಗೊತ್ತಾ ಅಳಿಯಂದ್ರೇ, ಅವಳ ಬಗ್ಗೆ? ಶುರು ಮಾಡಿದ್ರೆ ನಿಲ್ಲಲ್ಲ. ಆದ್ರೆ ನಾನೇ ಎಲ್ಲಾ ಹೇಳಿ ಖಾಲಿ ಮಾಡಿಬಿಟ್ರೆ, ಅವಳಿಗೆ ಹೇಳೋಕೆ ಏನು ಉಳಿಯುತ್ತೆ? ಬಾಯಿ ಕಟ್ಟಿ ಇಟ್ಕೊಂಡಿದ್ದೀನಿ ಕಣ್ರೀ. ನನ್ನಂಥೋನಿಗೆ ಅದೆಷ್ಟು ಕಷ್ಟ, ನಿಮಗೆಲ್ಲಿ ಗೊತ್ತಾಗಬೇಕು."

ಇಂಥ ಮನುಷ್ಯನ ಮೇಲೆ ನಾನು ಇಷ್ಟು ವರ್ಷ ಹಲ್ಲು ಕಡಿದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡೆ.

ಕೆಲಸದ ದಿನ ಅರ್ಧ ದಿನ ರಜೆ ಹಾಕಿ ಹೋದೆ. ಅಂಗಡಿಯ ಮುಂಭಾಗ ಪೂರ್ತಿ ಬಾಯ್ದೆರೆದಿತ್ತು, ಒಳಗೆ ಬಟ್ಟೆ ತೊಡದ ಬೊಂಬೆಗಳು ರಸ್ತೆಯನ್ನೇ ನೋಡುತ್ತ ನಿಂತಿದ್ದವು. ಲಾರಿ ಬಂದು ನಿಂತಿತು. ಗಾಜಿನಲ್ಲಿ ಎದುರು ಸಾಲಿನ ಮನೆಗಳು, ತಂತಿ, ಮೋಡ ಎಲ್ಲ ಕಾಣುತ್ತಿದ್ದವು. ದಾರಿಹೋಕರು ನಿಂತರು. ಕೆಲಸದವರು ಇಳಿದು ಸಾಲಾದರು, ಕೈಗಳು ಜೇಬಿಗೆ ಹೋದವು. ಮಾವ ಎಲ್ಲರಿಂದ ದೂರ, ಲಾರಿಯ ಹಿಂದಿನ ಚಕ್ರದ ಪಕ್ಕ ನಿಂತಿದ್ದರು. ಅವರು ಮುಂದೆ ನಿಲ್ಲದ ದೊಡ್ಡ ಕೆಲಸ ಅದೇ ಮೊದಲು.

ನನ್ನ ಹೆಂಡತಿ ಚೌಕಟ್ಟನ್ನು ಸುತ್ತಿದಳು. ಅಳೆದಳು. ಒಂದು ಮೂಲೆಯಲ್ಲಿ ಮೊಣಕಾಲೂರಿ ಕೂತು ಬೆರಳಿಂದ ಏನೋ ಮುಟ್ಟಿ ನೋಡಿ, ರಬ್ಬರ್ ತುಂಡೊಂದನ್ನು ತೆಗೆದು ಬೇರೆ ಇಟ್ಟಳು. ಎದ್ದು ಬಂದು ಎದುರಿಗೆ ನಿಂತಳು. ಬಾಯಿ ತೆರೆದಳು, ಮುಚ್ಚಿದಳು.

ಅಂಗಡಿಯವನು ಗಡಿಯಾರ ನೋಡಿಕೊಂಡ. ಹಿಂದೆ ಯಾವುದೋ ಕಾರಿನವನು ಹಾರ್ನ್ ಹೊಡೆದ. ಗೊಣಗಪ್ಪ ತನ್ನ ಬೂಟು ನೋಡುತ್ತಿದ್ದ. ಮಾವನ ತುಟಿ ಅಲುಗತೊಡಗಿತು. ಹೇಳಿಯೇ ಬಿಡುತ್ತಾರೆ ಎಂದುಕೊಂಡೆ, ಹೇಳಲಿ ದೇವರೇ ಎಂದೂ ಅಂದುಕೊಂಡೆ. ಅವರು ಅಂಗೈಯಿಂದ ತಮ್ಮ ಬಾಯಿಯನ್ನೇ ಮುಚ್ಚಿಕೊಂಡರು.

ಆಗ ಅವಳು ಕೆಲಸದವರನ್ನು ಬಿಟ್ಟು ಲಾರಿಯ ಕಡೆ ತಿರುಗಿದಳು.

"ಅಪ್ಪಾ" ಎಂದಳು. ಧ್ವನಿ ನಡುಗುತ್ತಿತ್ತು, ಆದರೆ ರಸ್ತೆಯ ಆಚೆ ಬದಿಗೂ ಕೇಳುವಷ್ಟು ಜೋರಾಗಿತ್ತು. "ನೀನು ಇಲ್ಲಿವರೆಗೆ ಕೂರಿಸಿರೋ ಎಲ್ಲಾ ಗಾಜಿಗಿಂತ ಇದು ನೆಟ್ಟಗೆ ಕೂರುತ್ತೆ. ನಿನ್ನ ಕಣ್ಣು ಕೆಟ್ಟಿದೆ ಅಂತ ಹೇಳ್ತಿಲ್ಲ. ನಿನ್ನ ಕಣ್ಣು ಚೆನ್ನಾಗಿದ್ದಾಗಲೂ ನಾನು ನಿನಗಿಂತ ಒಳ್ಳೆ ಕೆಲಸಗಾರ್ತಿ ಆಗಿದ್ದೆ. ಅದು ನನಗೆ ಗೊತ್ತಿತ್ತು. ಹೇಳಿರ್ಲಿಲ್ಲ, ಅಷ್ಟೇ."

ಹಾರ್ನ್ ಹೊಡೆಯುತ್ತಿದ್ದವನೂ ನಿಲ್ಲಿಸಿದ. ಇಷ್ಟು ವರ್ಷ ಅವಳ ಗಂಟಲನ್ನು ಕಟ್ಟಿಹಾಕಿದ್ದು ಹೆದರಿಕೆ ಎಂದುಕೊಂಡಿದ್ದೆನಲ್ಲ, ಎಂಥ ಮೇಷ್ಟ್ರಪ್ಪ ನಾನು! ಸಣ್ಣ ಬಡಾಯಿ ಅವಳ ಬಾಯಿಗೆ ಬರುತ್ತಲೇ ಇರಲಿಲ್ಲ, ದೊಡ್ಡದನ್ನು ಅಪ್ಪನ ಮುಖ ನೋಡಿ ನುಂಗಿಕೊಂಡಿದ್ದಳು.

ಎಲ್ಲರೂ ಮಾವನ ಕಡೆ ನೋಡಿದರು. ಯಾವ ಮಾತಿಗೂ ಒಂದು ಮಾತು ಮೇಲೆ ಹೇಳುವ ಮನುಷ್ಯ ಅವರು. ಮುಖದಲ್ಲಿ ರಕ್ತವೇ ಇರಲಿಲ್ಲ. ನೋವಾಯಿತು, ಚೆನ್ನಾಗಿಯೇ ನೋವಾಯಿತು, ಅದು ನನಗೆ ಕಂಡಿತು. ಆಮೇಲೆ ಅವರು ಕೋಟು ಬಿಚ್ಚಿ ಲಾರಿಯ ಕೊಂಡಿಗೆ ನೇತುಹಾಕಿದರು. ಅಂಗಿಯ ತೋಳು ಮಡಿಸಿದರು. ಗೊಣಗಪ್ಪನ ಹತ್ತಿರ ಬಂದು ಒಂದು ಜೊತೆ ಕೈಗವಸು ಇಸಿದುಕೊಂಡು, ನಿಧಾನವಾಗಿ ಒಂದೊಂದೇ ಬೆರಳು ತೂರಿಸಿ ಹಾಕಿಕೊಂಡರು.

"ನಾನೆಲ್ಲಿ ಹಿಡೀಲಿ, ಮೇಸ್ತ್ರಿ?" ಎಂದರು ಮಗಳಿಗೆ.

ಅವಳಿಗೆ ಕಣ್ಣು ತುಂಬಿ ಬಂದಿತ್ತು. ಆದರೂ ಗಟ್ಟಿಯಾಗಿಯೇ ಹೇಳಿದಳು. "ಎಡಗಡೆ ಕೆಳಗೆ. ಗೊಣಗಪ್ಪಣ್ಣನ ಪಕ್ಕ. ನಾನು ಹೇಳೋವರೆಗೆ ಎತ್ಬೇಡ."

ಅವರು ಹೋಗಿ ಅಲ್ಲೇ ನಿಂತರು. ಅಷ್ಟು ಹೊತ್ತಿಗೆ ಎಲ್ಲರ ಕೈಯೂ ಜೇಬಿನಿಂದ ಹೊರಗಿತ್ತು. ಅವಳು "ಎತ್ತಿ" ಎಂದಳು. ಇಡೀ ಬೀದಿ ಹೊತ್ತ ಆ ಗಾಜು ಎದ್ದಿತು, ತೇಲುತ್ತ ಮುಂದೆ ಹೋಯಿತು. ಎಡಕ್ಕೆ ಅಂದಳು, ಎಡಕ್ಕೆ ಹೋಯಿತು. ಮೆಲ್ಲಗೆ ಅಂದಳು, ಮಾವ ಹಲ್ಲು ಕಚ್ಚಿ ಮೆಲ್ಲಗೆ ಮಾಡಿದರು. "ಅಪ್ಪಾ, ಆತುರ ಪಡಬೇಡ" ಎಂದು ಒಮ್ಮೆ ಗದರಿದಳು ಕೂಡ. ಗೊಣಗಪ್ಪ ಆ ದಿನ ಗೊಣಗಲಿಲ್ಲ. ಗಾಜು ಕೆಳಗಿನ ರಬ್ಬರ್ ತುಂಡುಗಳ ಮೇಲೆ ಕೂತಾಗ ಸದ್ದೇ ಆಗಲಿಲ್ಲ.

ನನ್ನ ಕನ್ನಡಕ ಒದ್ದೆಯಾಗಿತ್ತು, ಯಾಕೆ ಸುಳ್ಳು ಹೇಳಲಿ. ಅದನ್ನು ಒರೆಸುತ್ತ ನಿಂತಿದ್ದಾಗ ಮಾವ ಬಂದು ನನ್ನ ಪಕ್ಕ ನಿಂತರು. ಏದುಸಿರು ಬಿಡುತ್ತಿದ್ದರು. ಅಂಗಡಿಯ ಕಡೆ ಮುಖ ಮಾಡಿ, ಕಣ್ಣು ಕಿರಿದು ಮಾಡಿ, ಬಹಳ ಪ್ರಯತ್ನಪಟ್ಟರು.

"ನನಗೆ ಕಾಣಿಸ್ತಿಲ್ಲ ಅಳಿಯಂದ್ರೇ. ನೀವು ನೋಡಿ ಹೇಳಿ. ನೆಟ್ಟಗಿದೆಯಾ?"

"ನೆಟ್ಟಗಿದೆ ಮಾವ."

"ನಾನು ಕೂರಿಸ್ತಿದ್ದೆನಲ್ಲ, ಅದಕ್ಕಿಂತ?"

ನಾನು ಹೆಂಡತಿಯ ಕಡೆ ನೋಡಿದೆ. ಅವಳು ರಸಮಟ್ಟ ಹಿಡಿದು ಅಂಚಿನ ಉದ್ದಕ್ಕೂ ನಡೆಯುತ್ತಿದ್ದಳು.

"ಹೌದು ಮಾವ. ಅದಕ್ಕಿಂತ."

ಮಾವ ಗವಸು ತೊಟ್ಟ ಕೈಯಿಂದಲೇ ಮುಖ ಒರೆಸಿಕೊಂಡರು. "ಹೇಳಿದ್ಲು, ಮಾಡಿಬಿಟ್ಲು" ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.